ಹುರಿಹಿಟ್ಟಿನ ಪ್ಯಾಕೆಟ್ಟಿಗೆ ನಾನು ಹಾಕಿದ ತೂತು

ಇದನ್ನು ಬರೆಯಬೇಕೆಂದು ಎಷ್ಟೋ ಸಲ ಕೂತಿದ್ದೇನೆ. ಕನ್ನಡಕ ಸರಿಯಿಲ್ಲ, ಪೆನ್ನು ಸರಿಯಿಲ್ಲ ಎಂದು ಪ್ರತಿ ಸಲವೂ ಎದ್ದಿದ್ದೇನೆ. ನಿಜ ಹೇಳಬೇಕೆಂದರೆ ನನಗೆ ನಾಚಿಕೆ.

ಎರಡು ಸಾವಿರದ ಇಸವಿ ದಾಟಿ ಆರೇಳು ವರ್ಷವಾಗಿತ್ತು. ಗೋವಿಂದರಾಜನಗರದ ಮನೆಯಲ್ಲಿ ನಾನು, ನನ್ನ ಹೆಂಡತಿ, ನನ್ನ ಅಕ್ಕ ಇದ್ದೆವು. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡ ಅಕ್ಕ ಅಂದಿನಿಂದ ನಮ್ಮ ಜೊತೆಗೇ ಇದ್ದಳು. ನಮ್ಮ ಒಬ್ಬಳೇ ಮಗಳಿಗೆ ಹುಟ್ಟಿದಾಗಿನಿಂದ ಎಣ್ಣೆ ಒತ್ತಿ ನೀರು ಹಾಕಿದವಳು ಅವಳೇ. ಆ ಮಗಳು ಆಗ ಚೊಚ್ಚಲ ಬಸುರಿ. ಶ್ರಾವಣದಲ್ಲಿ ಹೆರಿಗೆಗೆ ಬರುವವಳಿದ್ದಳು. ಅವಳ ಮಗುವಿಗೂ ತಾನೇ ನೀರು ಹಾಕಬೇಕೆಂದು ಅಕ್ಕನಿಗೆ ಬಹಳ ಆಸೆ.

ಅಳಿಯ ಎಲ್ಲಿಂದಲೋ ಒಂದು ಪುಟ್ಟ ಮಿಷನ್ ತಂದುಕೊಟ್ಟಿದ್ದ. ಪ್ಯಾಕೆಟ್ಟಿನೊಳಗಿನ ಗಾಳಿಯನ್ನೆಲ್ಲ ಎಳೆದು ಬಾಯಿ ಅಂಟಿಸುವಂಥದ್ದು. ಅಕ್ಕ ಬೇಸಿಗೆಯಲ್ಲೇ ಬಾಣಂತಿಗೆಂದು ರಾಗಿ ಹುರಿಹಿಟ್ಟು, ಕೊಬ್ಬರಿ ಪುಡಿ ಮಾಡಿ, ಚೆನ್ನಾಗಿ ಆರಿಸಿ, ಪ್ಯಾಕೆಟ್ಟುಗಳಿಗೆ ತುಂಬಿದಳು. ಮಿಷನ್ ಪುಡಿಯನ್ನೂ ಎಳೆದುಕೊಳ್ಳದಿರಲೆಂದು ಮೇಲೆ ಹಳೇ ಪಂಚೆಯ ತುಂಡನ್ನು ಮಡಿಸಿ ಇಡುವ ಉಪಾಯವನ್ನೂ ತಾನೇ ಕಂಡುಕೊಂಡಳು. ಮಿಷನ್ ಗುಂಯ್ ಎನ್ನುತ್ತಿದ್ದಂತೆ ಪ್ಯಾಕೆಟ್ಟು ಇಟ್ಟಿಗೆಯ ಹಾಗೆ ಗಟ್ಟಿಯಾಗುತ್ತಿತ್ತು.

“ಲೋ, ನಿನ್ನ ಹೊಟ್ಟೇನೂ ಇದಕ್ಕೆ ಕೊಡೋ. ಒಂದ್ಸಲ ಗಾಳಿ ತೆಗೆದುಬಿಡ್ಲಿ” ಎಂದಳು ಅಕ್ಕ.

ನನಗೆ ನಗು ಬರಲಿಲ್ಲ. ಮಾಗಡಿ ರಸ್ತೆಯ ಹಿಟ್ಟಿನ ಗಿರಣಿಯೊಂದರಲ್ಲಿ ಮೂವತ್ತು ವರ್ಷ ದುಡಿದವನು ನಾನು. ‘ಹಿಟ್ಟಿನ ಬಾಯಿ ಕಟ್ಟಬೇಡಿ, ಬೆವರತ್ತೆ’ ಎಂದು ಬಂದವರಿಗೆಲ್ಲ ಹೇಳುತ್ತಿದ್ದೆ. ಅದು ಗಿರಣಿಯಿಂದ ಬಂದ ಬಿಸಿ ಹಿಟ್ಟಿನ ಮಾತು, ಆರಿದ ಹಿಟ್ಟಿಗಲ್ಲ ಎಂದು ನನ್ನ ತಲೆಗೆ ಹೋಗಲಿಲ್ಲ.

“ಹಿಟ್ಟೂ ಉಸಿರಾಡ್ಬೇಕು ಕಣ್ರೇ” ಎಂದೆ. ಅಕ್ಕ, ಹೆಂಡತಿ ಇಬ್ಬರೂ ನಕ್ಕರು.

ಮಾರನೆಯ ದಿನ ಅವರು ದೇವಸ್ಥಾನಕ್ಕೆ ಹೋದಾಗ ಪ್ಯಾಕೆಟ್ಟುಗಳನ್ನಿಟ್ಟಿದ್ದ ಟಿನ್ನನ್ನು ಸಜ್ಜೆಯ ಮೇಲಿನಿಂದ ಇಳಿಸಿ, ಒಂದೊಂದು ಪ್ಯಾಕೆಟ್ಟಿಗೂ ಪಿನ್ನಿನಿಂದ ಒಂದೊಂದು ತೂತು ಹಾಕಿ, ಮತ್ತೆ ಮೇಲಿಟ್ಟೆ. ಒಳ್ಳೆಯದನ್ನೇ ಮಾಡುತ್ತಿದ್ದೇನೆಂದು ನಂಬಿದ್ದೆ.

ಮಳೆಗಾಲದಲ್ಲಿ ಸಜ್ಜೆಯ ಗೋಡೆ ಒಸರಿತು. ಮಗಳು ಬಂದ ವಾರ ಹೆಂಡತಿ ಟಿನ್ನು ತೆಗೆದರೆ ಪ್ಯಾಕೆಟ್ಟುಗಳೆಲ್ಲ ಸಡಿಲ. ಹಿಟ್ಟು ಮುಗ್ಗು ಹಿಡಿದಿತ್ತು, ಕೊಬ್ಬರಿ ಕಮಟಾಗಿತ್ತು.

“ಒದ್ದೆ ಕೈಲಿ ಮುಟ್ಟಿದೀರ ಅಕ್ಕ. ಇದನ್ನ ಬಾಣಂತಿ ಬಾಯಿಗೆ ಹಾಕ್ಲಾ?” ಎಂದಳು. ಅಷ್ಟಕ್ಕೇ ಬಿಡಲಿಲ್ಲ. “ಮಗೂಗೆ ನೀರು ಹಾಕೋಕೂ ಬೇರೆ ಯಾರನ್ನಾದ್ರೂ ನೋಡ್ತೀನಿ. ನಿಮ್ಮ ಕೈ... ಬೇಡ ಬಿಡಿ.”

ಗಂಡ ಸತ್ತವಳ ಕೈ ಎಂದು ಅವಳು ಬಾಯಿಬಿಟ್ಟು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ಅಕ್ಕ ಒಂದು ಪ್ಯಾಕೆಟ್ಟನ್ನು ಹಿತ್ತಲಿಗೆ ಒಯ್ದು ಬಕೆಟ್ಟಿನ ನೀರಿನಲ್ಲಿ ಮುಳುಗಿಸಿ ಒತ್ತಿದಳು, ಪಂಕ್ಚರ್ ಅಂಗಡಿಯವನು ಟ್ಯೂಬ್ ಒತ್ತಿ ನೋಡುವಂತೆ. ಒಂದೇ ಕಡೆಯಿಂದ ಸಣ್ಣ ಗುಳ್ಳೆಗಳು ಸಾಲಾಗಿ ಎದ್ದವು. ಒಗೆಯುವ ಕಲ್ಲಿನ ಪಕ್ಕ ನಿಂತಿದ್ದ ನನ್ನನ್ನು ಅವಳು ತಲೆಯೆತ್ತಿ ನೋಡಿದಳು.

“ಅಲ್ಲೇನ್ ಮಾಡ್ತಿದೀರ ಅಕ್ಕ?” ಎಂದು ಹೆಂಡತಿ ಒಳಗಿನಿಂದ ಕೂಗಿದಳು.

“ಏನಿಲ್ಲ ಕಣಮ್ಮ. ನಾನೇ ಸರಿಯಾಗಿ ಅಂಟಿಸಿರಲಿಲ್ಲ” ಎಂದಳು ಅಕ್ಕ.

ನಾನು ಬಕೆಟ್ಟಿನ ನೀರು ಚೆಲ್ಲಿ ಒಳಗೆ ಹೋದೆ. ಒಂದು ಮಾತು ಸಾಕಿತ್ತು.

ಆ ದಿನ ನಮ್ಮ ಮನೆಯ ಮಾನ ಉಳಿಸಿದವಳು ಮಗಳು. ದೊಡ್ಡ ಹೊಟ್ಟೆ ಹೊತ್ತು ಅಡುಗೆಮನೆಯ ಬಾಗಿಲಿಗೆ ಬಂದು, “ಅಮ್ಮ, ನನಗೆ ನೀರು ಹಾಕಿದ್ದು ಅದೇ ಕೈ. ನಾನೇನು ಸೊರಗಿದೀನಾ? ಅತ್ತೆ ಹಾಕ್ದಿದ್ರೆ ನನ್ನ ಮಗೂಗೆ ಸ್ನಾನಾನೇ ಬೇಡ” ಎಂದಳು. ಹೆಂಡತಿ ಗೊಣಗಿಕೊಂಡೇ ಒಪ್ಪಿದಳು. ಆ ಹುಡುಗಿಗೆ ನಾನು ಇವತ್ತಿಗೂ ಋಣಿ.

ಅಕ್ಕ ಮತ್ತೆ ರಾಗಿ ಹುರಿದಳು. ಡಬ್ಬ ಹೊತ್ತು ನಾನೇ ಅವಳ ಜೊತೆ ಗಿರಣಿಗೆ ಹೋದೆ. ಬೀಸಿದ ಹಿಟ್ಟನ್ನು ಮನೆಗೆ ತಂದು ಆರಿಸಿ, ಮಿಷನ್ನಿನ ಮುಂದೆ ಕೂತು, ಅವಳು ಮೆಲ್ಲಗೆ ಕೇಳಿದಳು: “ಹೇಳಪ್ಪ, ತೂತು ಬೇಕೋ ಬೇಡ್ವೋ?”

“ಬೇಡ” ಎಂದೆ. ಅವಳು ನಕ್ಕಳು. ನಾನು ತಪ್ಪಾಯಿತು ಎನ್ನುವುದಕ್ಕೆಂದೇ ಅವಳು ಜಾಗ ಮಾಡಿಕೊಟ್ಟಿದ್ದಳು. ನಾನು ಪಂಚೆಯ ತುಂಡು ಮಡಿಸುತ್ತಾ ಕೂತೆ.

ಆ ಹಿಟ್ಟು ಕೆಡಲಿಲ್ಲ. ಬಾಣಂತನ ಮುಗಿಯುವವರೆಗೂ ಬಂತು. ಕಾಲು ಚಾಚಿ ಕೂತು, ಕಾಲ ಮೇಲೆ ಮೊಮ್ಮಗಳನ್ನು ಮಲಗಿಸಿ, ಅಕ್ಕ ನೀರು ಹಾಕುತ್ತಿದ್ದಳು. ಮಗುವಿನ ಅಳು ಬೀದಿಗೆಲ್ಲ ಕೇಳುತ್ತಿತ್ತು. ಅದನ್ನು ನೋಡುವ ಭಾಗ್ಯ ನನಗೆ ಸಿಕ್ಕಿತು. ನನ್ನ ಗುಟ್ಟು ಬಿಟ್ಟುಕೊಡದೆ ಅವಳು ಮುಂದೆಯೂ ನನಗೆ ಮೊದಲಿನಂತೆಯೇ ಬಡಿಸಿದಳು, ಮೊದಲಿನಂತೆಯೇ ಹೊಟ್ಟೆಯ ಗೇಲಿ ಮಾಡಿದಳು.

ಈಗ ಅವಳಿಲ್ಲ. ಹಿಟ್ಟು ಕೆಟ್ಟಿದ್ದು ಅವಳ ಕೈಯಿಂದಲೇ ಎಂದು ಹೆಂಡತಿ ಇಂದಿಗೂ ನಂಬಿದ್ದಾಳೆ. ಈ ಹಾಳೆಯನ್ನು ಮೊದಲು ಹೆಂಡತಿಗೇ ಓದಿ ಹೇಳುತ್ತೇನೆ. ತೂತು ಹಾಕಿದವನು ನಾನು. ಬೈಸಿಕೊಂಡವಳು, ನಾನು ಕ್ಷಮೆ ಕೇಳದೆ ಕಳಿಸಿಕೊಟ್ಟವಳು, ನನ್ನ ಅಕ್ಕ.