ಎಂಟನೇ ದಿನದ ಹೆಡ್‌ಮಿಸ್ಟ್ರೆಸ್

ಟೈರ್ ಅಂಗಡಿಯ ಮೇಲಿನ ಎರಡು ಮಹಡಿಗಳಲ್ಲಿ ಅಕ್ಕನ ಗಂಡನ ಶಾಲೆ. ಅಲ್ಲಿ ಹನ್ನೊಂದು ವರ್ಷ ಇಂಗ್ಲಿಷ್ ಕಲಿಸಿದವಳಿಗೆ ಮಕ್ಕಳು ಇಟ್ಟ ಹೆಸರು ಕೆಂಪಿಂಕು. ರಜಾ ಚೀಟಿ ಕೊಟ್ಟರೂ ತಿದ್ದಿಯೇ ವಾಪಸು ಕೊಡುವವಳು. ಜ್ವರ ನಿಜವೋ ಸುಳ್ಳೋ, ಅದು ಡಾಕ್ಟರಿಗೆ ಬಿಟ್ಟದ್ದು. ವಾಕ್ಯ ಮಾತ್ರ ಆರೋಗ್ಯವಾಗಿರಬೇಕು.

ಅಪ್ಪ ಅಮ್ಮ ಇಲ್ಲ, ಮದುವೆಯಾಗಿಲ್ಲ, ಇರುವವಳು ಅಕ್ಕ ಒಬ್ಬಳೇ. ಮೂವತ್ತೆಂಟು ತುಂಬಿದ ಮೇಲೆ ಕೆಂಪಿಂಕುವಿಗೆ ಹೊರದೇಶದ ಆಸೆ ಹತ್ತಿತು. ಕಡಲಾಚೆಯ ಒಂದು ಭಾಷಾಶಾಲೆ ದೊಡ್ಡವರಿಗೆ ಇಂಗ್ಲಿಷ್ ಕಲಿಸುವ ಕೆಲಸ ಕೊಡಲು ಒಪ್ಪಿತು. ವರ್ಕ್ ಪರ್ಮಿಟ್‌ಗೆ ಡಿಗ್ರಿ ಬೇಕು, ನೂರಿಪ್ಪತ್ತು ಗಂಟೆಯ ಬೋಧನಾ ಕೋರ್ಸು ಬೇಕು, ಹತ್ತು ವರ್ಷದ ಅನುಭವಕ್ಕೆ ಶಿಕ್ಷಣ ಕಚೇರಿಯ ಠಸ್ಸೆ ಬೇಕು. ಕೋರ್ಸಿನಲ್ಲಿ ಅವಳಿಗಿಂತ ಹತ್ತು ವರ್ಷ ಚಿಕ್ಕವನಾದ ತರಬೇತುದಾರ ಹಿಂದಿನ ಬೆಂಚಿನಲ್ಲಿ ಕೂತು ಪಾಠ ನೋಡಿದ.

"ಮೇಡಂ, ನಲವತ್ತು ನಿಮಿಷದಲ್ಲಿ ಮೂವತ್ತೆಂಟು ನಿಮಿಷ ನೀವೇ ಮಾತಾಡಿದ್ರಿ. ಕಲಿಯೋಕೆ ಬಂದೋರಿಗೂ ಬಾಯಿ ಇದೆ."

ಹನ್ನೊಂದು ವರ್ಷದ ಗರ್ವವನ್ನು ನುಂಗಿಕೊಂಡು, ಬಾಯಿ ಮುಚ್ಚಿ ಕಲಿಸುವುದನ್ನು ಕಲಿತಳು. ಪಾಸಾದಳು.

ಡಿಗ್ರಿ ಸರ್ಟಿಫಿಕೇಟು ಭಾವನ ಬೀರುವಿನಲ್ಲಿತ್ತು. ಟೀಚರುಗಳ ಅಸಲಿ ಕಾಗದಗಳನ್ನು ಶಾಲೆಯವರೇ ಇಟ್ಟುಕೊಳ್ಳುವುದು ಅಲ್ಲಿನ ರೂಢಿ. "ನಿನ್ನ ರೂಮಲ್ಲಿದ್ರೆ ಜಿರಳೆ ತಿನ್ನುತ್ತೆ" ಎನ್ನುತ್ತಿದ್ದ ಭಾವ, ಕೇಳಿದ ಕೂಡಲೇ ತೆಗೆದುಕೊಟ್ಟ. ಅನುಭವದ ಪತ್ರವನ್ನೂ ಧಾರಾಳವಾಗಿ ಬರೆದ. ಇಷ್ಟು ಸಲೀಸಾಗಿ ಸರಕು ಬಿಟ್ಟುಕೊಡುವವನು ಮೂಟೆಯ ತಳದಲ್ಲಿ ಏನೋ ತುಂಬಿರುತ್ತಾನೆ. ಆದರೆ ಸ್ವಂತದವರ ಮೂಟೆಯನ್ನು ಯಾರು ಬಿಚ್ಚಿ ನೋಡುತ್ತಾರೆ?

ಠಸ್ಸೆಗೆಂದು ಹೋದ ಶಿಕ್ಷಣ ಕಚೇರಿಯಲ್ಲಿ ನೆಗಡಿಯಾಗಿದ್ದ ಗುಮಾಸ್ತ ಕಂಪ್ಯೂಟರು ನೋಡಿ, ಅವಳ ಮುಖ ನೋಡಿ, ಮತ್ತೆ ಕಂಪ್ಯೂಟರು ನೋಡಿದ.

"ನೀವು ಎಷ್ಟು ಜನ ಮೇಡಂ?"

"ಒಬ್ಬಳೇ."

"ಇಲ್ಲಿ ಇಬ್ಬರಿದ್ದೀರಿ. ಟೈರ್ ಅಂಗಡಿ ಮೇಲೆ ಟೀಚರು. ಸೇತುವೆ ಆಚೆ ಶಾಖೇಲಿ ಏಳು ವರ್ಷದಿಂದ ಹೆಡ್‌ಮಿಸ್ಟ್ರೆಸ್ಸು. ಎರಡೂ ಪೂರ್ತಿ ದಿನದ ಕೆಲಸ."

ಫೈಲು ತಿರುಗಿಸಿ ತೋರಿಸಿದ. ಸಹಿ ಅವಳದೇ. ಪ್ರತಿ ವರ್ಷ ಇನ್‌ಸ್ಪೆಕ್ಷನ್ ದಿನ ಭಾವ "ಸ್ವಲ್ಪ ಕೈಜೋಡಿಸು ಬಾ" ಎಂದು ವ್ಯಾನಿನಲ್ಲಿ ಆ ಶಾಖೆಗೆ ಕರೆದೊಯ್ಯುತ್ತಿದ್ದ. "ಸೊಂಟಕ್ಕೆ ಒಳ್ಳೇದು" ಎಂದು ಮೆತ್ತೆಯ ಕುರ್ಚಿಯಲ್ಲಿ ಕೂರಿಸುತ್ತಿದ್ದ. "ಬಂದೋರ ಪಟ್ಟಿ" ಎಂದು ಒಂದು ಸಹಿ. ಲೋಕದ ಚೀಟಿಗಳನ್ನೆಲ್ಲ ತಿದ್ದಿದವಳು ತನ್ನ ಸಹಿಯ ಮೇಲಿನ ಸಾಲನ್ನು ಓದಿರಲಿಲ್ಲ.

ಅದನ್ನಾದರೂ ಸಹಿಸುತ್ತಿದ್ದಳೇನೋ. ಆದರೆ ಕೆಳಗಿದ್ದ ಅರ್ಜಿಯನ್ನು ಎರಡೆರಡು ಸಲ ಓದಿದಳು. 'ಇವರನ್ನು ಹೆಡ್‌ಮಿಸ್ಟ್ರೆಸ್ ಆಗಿ ನೇಮಿಸಿದ್ದೇವೆ' ಎಂಬ ಆ ಇಂಗ್ಲಿಷ್ ಅರ್ಜಿಯ ದುಂಡಗಿನ ಅಕ್ಷರ ಅಕ್ಕನದು. ಶಾಲೆ ಮುಗಿಸದ ಅಕ್ಕನಿಗೆ ಅಡುಗೆಮನೆಯ ಮೇಜಿನ ಮೇಲೆ, ತರಕಾರಿ ಹೆಚ್ಚುತ್ತಾ, ಇಂಗ್ಲಿಷ್ ಬರೆಯಲು ಕಲಿಸಿದವಳು ಇವಳೇ. ಅಕ್ಕ ಬರೆದದ್ದರಲ್ಲಿ ಒಂದೂ ತಪ್ಪಿಲ್ಲದ ಕಾಗದವನ್ನು ಅಂದೇ ಮೊದಲು ನೋಡಿದ್ದು.

"ಯಾವುದೋ ಒಂದು ಸುಳ್ಳಿರಬೇಕು" ಎಂದ ಗುಮಾಸ್ತ. "ಆ ಶಾಖೆಯಿಂದ ನಿಮ್ಮ ಹೆಸರು ತೆಗೀಬೇಕಂದ್ರೆ ಶಾಲೆಯೋರು ಬರೆದುಕೊಡ್ಬೇಕು, ಇಲ್ಲಾ ಇನ್‌ಸ್ಪೆಕ್ಟರು ಅಲ್ಲೇ ನಿಂತು ಬರೀಬೇಕು. ತಿಂಗಳ ಕೊನೆ ತನಕ ಫೈಲು ಇಟ್ಕೋತೀನಿ."

ಭಾವ ಕಿತ್ತಳೆ ಸುಲಿಯುತ್ತಾ ಕೇಳಿಸಿಕೊಂಡ. "ಡಿಗ್ರಿ ಇರೋ ಹೆಡ್ ಇಲ್ದೆ ಆ ಶಾಖೆ ನಡೆಯಲ್ಲಮ್ಮ. ಮುಂದಿನ ವರ್ಷ ಯಾರನ್ನಾದ್ರೂ ಹುಡುಕ್ತೀನಿ, ಆಗ ಹಾರು."

"ಅವರು ಕಾಯಲ್ಲ ಭಾವ. ಕಚೇರೀಲಿ ಸಿಕ್ಕಿಬೀಳುತ್ತೆ ಅಂತ ಗೊತ್ತಿದ್ದೂ ಪತ್ರ ಕೊಟ್ರಾ?"

"ನಾನೇ ಬೇಡ ಅಂದಿದ್ರೆ ನೀನು ಬೇಜಾರ್ ಮಾಡ್ಕೋತಿದ್ದೆ. ಕಚೇರಿಯೋರೇ ಬೇಡ ಅನ್ಲಿ ಅಂತ." ಒಂದು ತೊಳೆ ಅವಳತ್ತ ಚಾಚಿದ.

ಅಕ್ಕ ಒರೆಸಿದ ಮೇಜನ್ನೇ ಒರೆಸುತ್ತಿದ್ದಳು.

"ನೀನೇ ಬರೆದ್ಯಾ ಅಕ್ಕ?"

"ಹೆಡ್ಡು ಅಂತ ತಾನೇ ಬರೆದಿದ್ದು? ಕಸ ಗುಡಿಸೋಳು ಅಂತ ಬರೀಲಿಲ್ವಲ್ಲ."

"ಅರ್ಜಿ ಬರೆಯೋದನ್ನ ಇದಕ್ಕಾ ಕಲಿತಿದ್ದು?"

ಅಕ್ಕನ ಕೈಯಲ್ಲಿದ್ದ ಒರೆಸುವ ಬಟ್ಟೆ ನಿಂತಿತು. "ನೀನೂ ಹೋದ್ರೆ ನಂಗ್ಯಾರಿದಾರೆ?"

ಹಿಂದಿನ ವಾರವಾಗಿದ್ದರೆ ಆ ಮಾತಿಗೆ ಅವಳು ಕರಗಿಬಿಡುತ್ತಿದ್ದಳು. ಈಗ ಅದರ ಅಡಿಯಲ್ಲೂ ಯಾರ ಸಹಿ ಇದೆಯೋ ಎಂದು ಹುಡುಕಬೇಕೆನಿಸಿತು.

ಆ ಗುರುವಾರವೇ ಸೇತುವೆಯಾಚೆ ಇನ್‌ಸ್ಪೆಕ್ಷನ್. ಪ್ರತಿ ವರ್ಷದಂತೆ ಬೆಳಿಗ್ಗೆ ಆರಕ್ಕೇ ಅಕ್ಕನ ಫೋನು. "ಒಳ್ಳೇ ಬಟ್ಟೆ ಹಾಕ್ಕೋ. ಇದೊಂದ್ಸಲ ಹೋಗಿ ಬಾ, ಆಮೇಲೆ ನಿಮ್ಮ ಭಾವನ ಕೈಲಿ ನಾನೇ ಬರೆಸ್ಕೊಡ್ತೀನಿ." ಕೆಂಪಿಂಕು ಒಳ್ಳೆಯ ಬಟ್ಟೆ ಹಾಕಿಕೊಂಡು ವ್ಯಾನು ಹತ್ತಿದಳು. ಅದನ್ನೇ ಭಾವ ಒಪ್ಪಿಗೆಯ ಖಾತೆಗೆ ಹಾಕಿಕೊಂಡ.

ಇನ್‌ಸ್ಪೆಕ್ಟರು ಒಳ್ಳೆಯ ಮಾತುಗಾರ. "ಈ ಕುರ್ಚೀಲಿ ಏಳು ವರ್ಷ ಆಯ್ತಲ್ವಾ ಮೇಡಂ?"

"ಏಳು ದಿನ ಸಾರ್. ವರ್ಷಕ್ಕೊಂದು. ಇವತ್ತು ಎಂಟನೇದು."

ಭಾವ ನಕ್ಕ. "ನಮ್ಮ ನಾದಿನಿಗೆ ತಮಾಷೆ ಜಾಸ್ತಿ."

"ಇಲ್ಲಿ ಟಾಯ್ಲೆಟ್ ಎಲ್ಲಿದೆ ಅಂತಾನೂ ನಂಗೊತ್ತಿಲ್ಲ ಸಾರ್. ಯಾವ ಮಗೂನಾದ್ರೂ ಕರೆಸಿ, ನಾನ್ಯಾರು ಅಂತ ಕೇಳಿ."

ಮೂರು ಮಕ್ಕಳನ್ನು ಕರೆಸಿದರು. ಇಬ್ಬರು ತಲೆ ಕೆರೆದುಕೊಂಡರು. ಮೂರನೆಯವಳು "ಇನ್‌ಸ್ಪೆಕ್ಷನ್ ಮಿಸ್ಸು" ಎಂದಳು. ಇನ್‌ಸ್ಪೆಕ್ಟರು ಅಲ್ಲೇ ನಿಂತು ಬರೆದರು. ಈ ಸಲ ಕೆಂಪಿಂಕು ಮೊದಲ ಸಾಲಿನಿಂದ ಕೊನೆಯವರೆಗೆ ಓದಿದಳು, ಎರಡು ಕಡೆ ತಿದ್ದಿಸಿದಳು, ಆಮೇಲೆ ಸಹಿ ಹಾಕಿದಳು. ವ್ಯಾನು ಅವಳನ್ನು ಬಿಟ್ಟೇ ಹೋಯಿತು. ಸೇತುವೆಯ ಮೇಲೆ ನಡೆದುಕೊಂಡು ಬಂದಳು.

ತಿಂಗಳ ಕೊನೆಗೆ ಠಸ್ಸೆ ಬಿತ್ತು. ಅಕ್ಕನ ಮನೆ ಬಾಗಿಲು ಮಾತ್ರ ಎರಡು ಸಲ ತಟ್ಟಿದರೂ ತೆರೆದಿರಲಿಲ್ಲ. ಗುಮಾಸ್ತ, ಠಸ್ಸೆಗಾಗಿ ಅವಳು ಕೊಟ್ಟಿದ್ದ ಅರ್ಜಿಯ ಕೊನೆಯ ಪುಟ ಹಿಂದಕ್ಕೆ ತಳ್ಳಿದ. 'ಏನಾದರೂ ಆದರೆ ತಿಳಿಸಬೇಕಾದ ಹತ್ತಿರದ ಸಂಬಂಧಿ' ಎಂಬಲ್ಲಿ ಬರೆದಿದ್ದ ಹೆಸರನ್ನು ಅವಳು ಹೊಡೆದುಹಾಕಿದ್ದಳು.

"ಇದು ಖಾಲಿ ಬಿಡೋ ಹಾಗಿಲ್ಲ. ಯಾರಾದ್ರೂ ಇರ್ತಾರಲ್ಲ ಮೇಡಂ?"

ಪೆನ್ನು ತೆಗೆದಳು. ಬೇರೆ ಹೆಸರು ಬರಲಿಲ್ಲ. ಹೊಡೆದದ್ದರ ಮೇಲೆಯೇ ಅಕ್ಕನ ಹೆಸರು ಬರೆದು, ನೋಡದೆಯೇ ನಂಬರೂ ಬರೆದಳು.

"ಫೋನ್ ಮಾಡಿದ್ರೆ ತೆಗೀತಾರಾ ಇವರು?"

"ವರ್ಷಕ್ಕೊಂದ್ಸಲ ಅವರೇ ಮಾಡ್ತಿದ್ರು" ಎಂದಳು. "ಇನ್‌ಸ್ಪೆಕ್ಷನ್ ದಿನ."