ಎಣ್ಣೆ ಕುಡಿದ ಕ್ಯಾಮೆರಾ

ಕಿವಿರು ಎತ್ತಿ ನೋಡದೆ ನಾನು ಮೀನಿಗೆ ಬೆಲೆ ಹೇಳಿದವಳಲ್ಲ. ಕ್ಯಾಮೆರಾ ಕೊಳ್ಳುವಾಗಲೂ ಮೊದಲು ಮಾಡಿದ್ದು ಅದನ್ನೇ. ಹಿಂಬದಿಯ ಮುಚ್ಚಳ ತೆರೆದು ಮೂಗಿಗೆ ಹಿಡಿದೆ. ಸ್ಟುಡಿಯೊದ ಯಜಮಾನರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು.

"ಎಂತ, ಅದ್ ಬಂಗ್ಡಿ ಮೀನಾ ಮೂಸಿ ಕಾಂಬುಕೆ?"

"ಹಳೀ ಮಾಲ್ ಯಾವ್ದಾರೂ ನಾನ್ ಮೂಸಿಯೇ ತಕಂಬುದ್," ಎಂದೆ.

ನಗುವ ಮಾತಲ್ಲ. ಮಳೆಗಾಲದಲ್ಲಿ ಕಪಾಟಿನೊಳಗಿನ ಬಟ್ಟೆಯೂ ಬೆವರುವ ಊರು ನಮ್ಮದು. ಇಲ್ಲಿ ಲೆನ್ಸಿಗೆ ಬೂಷ್ಟು ಹಿಡಿಯದಿದ್ದರೆ ಅದೇ ಆಶ್ಚರ್ಯ, ಮತ್ತು ಬೂಷ್ಟು ಕಣ್ಣಿಗೆ ಕಾಣುವ ಮೊದಲೇ ಮೂಗಿಗೆ ಗೊತ್ತಾಗುತ್ತದೆ. ಈ ಕ್ಯಾಮೆರಾದಲ್ಲಿ ಬೂಷ್ಟಿನ ವಾಸನೆ ಇರಲಿಲ್ಲ. ಲೋಹದ ತಣ್ಣನೆಯ ವಾಸನೆ, ಅದರ ಹಿಂದೆ ಎಲ್ಲೋ ಮನೆಯೊಳಗಿನದೇ ಎನ್ನಿಸುವ ಒಂದು ಪರಿಮಳ. ಅದೇನೆಂದು ಆಗ ಹೊಳೆಯಲಿಲ್ಲ.

ಆ ಕ್ಯಾಮೆರಾದ ಪರಿಚಯ ಹಳೆಯದು. ತೊಂಬತ್ತೇಳರಲ್ಲಿ ನಾನು ಬಸ್ಸಿನಿಂದ ಬುಟ್ಟಿ ಇಳಿಸಿಕೊಂಡು ಬ್ರಹ್ಮಾವರದ ಪೇಟೆಯಲ್ಲಿ ಮೀನು ಮಾರಲು ಕೂರುತ್ತಿದ್ದ ಜಾಗದ ಎದುರಿಗೇ ಆ ಸ್ಟುಡಿಯೊ. ಮದುವೆಮನೆಗೆ ಹೊರಡುವ ಮುನ್ನ, ಫಿಲ್ಮ್ ತುಂಬುವ ಮೊದಲು, ಯಜಮಾನರು ಬಾಗಿಲಲ್ಲಿ ನಿಂತು ರಸ್ತೆಯ ಕಡೆ ಗುರಿಯಿಟ್ಟು ಒಂದೆರಡು ಸಲ ಒತ್ತಿ ನೋಡುತ್ತಿದ್ದರು. ಬಸ್ಸಿನ ಹಾರ್ನುಗಳ ನಡುವೆಯೂ ಆ ಸದ್ದು ನನಗೆ ಕೇಳುತ್ತಿತ್ತು. ಒಳ್ಳೆಯ ಬೀಗ ಬಿದ್ದಂಥ ಸದ್ದು. ಕೆಲಸ ಮುಗಿಯಿತು ಎಂದು ಒಂದು ಯಂತ್ರ ಹೇಳುವುದಿದ್ದರೆ ಹಾಗೆ, ಒಂದೇ ಮಾತಿನಲ್ಲಿ ಹೇಳಬೇಕು. ವರ್ಷಗಳು ಉರುಳಿದವು. ನಾನು ಬುಟ್ಟಿಯಿಂದ ಐಸ್ ಪೆಟ್ಟಿಗೆಗೆ, ಐಸ್ ಪೆಟ್ಟಿಗೆಯಿಂದ ಸ್ವಂತ ವ್ಯಾನಿಗೆ ಬಂದೆ. ಸ್ಟುಡಿಯೊಕ್ಕೆ ಡಿಜಿಟಲ್ ಬಂತು. ಹಳೆಯದು ಗಾಜಿನ ಕಪಾಟು ಸೇರಿ, ಪ್ಲಾಸ್ಟಿಕ್ ಹೂವಿನ ಪಕ್ಕ ಕೂತಿತು. ಬ್ರಹ್ಮಾವರಕ್ಕೆ ಹೋದಾಗಲೆಲ್ಲ ಅದು ಅಲ್ಲೇ ಇದೆಯೇ ಎಂದು ಒಂದು ಕಣ್ಣು ಹಾಕಿ ಬರುತ್ತಿದ್ದೆ.

ಕೊಳ್ಳಲು ನೆಪ ಸಿಕ್ಕಿದ್ದು ಎರಡು ಸಾವಿರದ ಹತ್ತು ದಾಟಿದ ಮೇಲೆ, ಒಂದು ಡಿಸೆಂಬರಿನಲ್ಲಿ. ನನ್ನ ಅಣ್ಣ ತ್ರಾಸಿಯಲ್ಲಿ ಕೈರಂಪಣಿ ತಂಡದ ತಂಡೇಲ, ಅಂದರೆ ಮುಂದಾಳು. ದೋಣಿಯಲ್ಲಿ ಹೋಗಿ ಬಲೆಯನ್ನು ಕಡಲಿನಲ್ಲಿ ಅರ್ಧಚಂದ್ರದಂತೆ ಬಿಟ್ಟು ಬಂದು, ಅದರ ಎರಡು ತುದಿಯ ಹಗ್ಗಗಳನ್ನು ದಡದಲ್ಲಿ ನಿಂತ ಜನ ಸೇರಿ ಎಳೆಯುವುದು ಕೈರಂಪಣಿ. ಎಳೆಯುವ ಕೈಗಳು ಒಂದೊಂದಾಗಿ ದೊಡ್ಡ ಬೋಟುಗಳಿಗೆ ಹೋಗಿ, ಉಳಿದವರು ಸಾಲದಾದಾಗ ಅಣ್ಣ ಬಲೆಯನ್ನು ಬೈಂದೂರು ಕಡೆಯ ತಂಡವೊಂದಕ್ಕೆ ಕೊಡಲು ಒಪ್ಪಿದ್ದ. ಭಾನುವಾರ ಬೆಳಿಗ್ಗೆ ಕೊನೆಯ ಎಳೆತ, ಮಧ್ಯಾಹ್ನ ಅವರ ಲಾರಿ ಬರುವುದು ಎಂದು ಮಾತಾಗಿತ್ತು.

ಅಣ್ಣ ಯಾರಲ್ಲೂ ಏನನ್ನೂ ಕೇಳುವವನಲ್ಲ. ಆ ವಾರ ಐಸ್ ಇಳಿಸಲು ಹೋದಾಗ ಕೇಳಿದ.

"ಹ್ವಾಯ್, ನಮ್ಮ್ ತಂಡದ್ ಒಂದ್ ಫೋಟೋ ಇಲ್ಲೆ ಅಲ್ದಾ?"

"ಮೊಬೈಲಂಗೆ ತೆಗುಕೆ ಬೇಕಾದಷ್ಟ್ ಜನ ಇದ್ರ್."

"ಮೊಬೈಲಿದ್ ಬ್ಯಾಡ. ನೀ ಹ್ವಾದ್ ವರ್ಷ ತೆಗ್ದದ್ ಎಲ್ಲಿತ್ತ್? ಮೊಬೈಲ್ ಐಸ್ ನೀರಂಗೆ ಬಿತ್ತ್, ಫೋಟೋವೂ ಹೋಯ್ತ್. ಗ್ವಾಡಿ ಮೇಲೆ ತೂಗ್ಸುವಂಥದ್ ಬೇಕ್. ಎಳೂವತಿಗೇ ತೆಗೀಕ್. ಎಲ್ಲರ್ ಮುಖವೂ ಕಾಣ್ಕ್, ಒಬ್ಬರದ್ದೂ ಮಸ್ಕ್ ಆಪುಕಾಗ."

ಅಷ್ಟು ಹೇಳಿ, ಹೇಳಿದ್ದೇ ಹೆಚ್ಚಾಯಿತೆಂಬಂತೆ ಐಸ್ ಒಡೆಯತೊಡಗಿದ. ನಾನು ಮರುದಿನವೇ ಬ್ರಹ್ಮಾವರದ ಬಸ್ಸು ಹತ್ತಿದೆ. 

ಹಳೆಯ ಕ್ಯಾಮೆರಾ ಕೊಳ್ಳುವವರಿಗೆ ನನ್ನದೊಂದು ಕಿವಿಮಾತು: ಅಂಗಡಿಯೊಳಗೆ ಹೋದೊಡನೆ ಅದರ ಕಡೆ ನೋಡಬೇಡಿ. ನಾನು ಮೊದಲು ಆಲ್ಬಮ್ ವಿಚಾರಿಸಿದೆ, ಆಮೇಲೆ ಫ್ರೇಮು, ಕೊನೆಗೆ ಎದ್ದು ಹೊರಡುವವಳಂತೆ "ಆ ಹಳೀ ಡಬ್ಬಿ ಎಂತ ಮಾಡ್ತ್ರಿ?" ಎಂದೆ. ಇನ್ನೊಂದು: ಹೊಳಪಿಗೆ ಮರುಳಾಗಬೇಡಿ. ಹೊಳಪು ಎಂದರೆ ಮೂಲೆಯಲ್ಲಿ ಸುಮ್ಮನೆ ಕೂತ ಕ್ಯಾಮೆರಾ. ಬೆರಳು ತಾಗುವ ಕಡೆಯೆಲ್ಲ ಬಣ್ಣ ಸವೆದು ಹಿತ್ತಾಳೆ ಕಂಡರೆ ಅದು ದುಡಿದ ಕ್ಯಾಮೆರಾ, ದುಡಿದದ್ದು ಇನ್ನೂ ದುಡಿಯುತ್ತದೆ. ಇದರಲ್ಲಿ ಮೂರು ಮೂಲೆಗಳಲ್ಲೂ ಹಿತ್ತಾಳೆ ಕಾಣುತ್ತಿತ್ತು.

ಯಜಮಾನರು ಪರೀಕ್ಷೆ ಮಾಡುವುದನ್ನೂ ತಾವೇ ಕಲಿಸಿಕೊಟ್ಟರು. ತನ್ನ ಮಾಲಿನ ದೋಷ ಹುಡುಕುವ ವಿದ್ಯೆಯನ್ನು ಕೊಳ್ಳುವವಳಿಗೆ ಹೇಳಿಕೊಡುವ ವ್ಯಾಪಾರಿಯನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಲೆನ್ಸಿನೊಳಗೆ ಉಕ್ಕಿನ ತೆಳ್ಳನೆಯ ಎಸಳುಗಳಿವೆ. ಪಕ್ಕದ ಸಣ್ಣ ಗುಂಡಿ ಒತ್ತಿದರೆ ಅವು ಮುಚ್ಚಿಕೊಂಡು ನಡುವೆ ಚಿಕ್ಕ ತೂತು ಉಳಿಯಬೇಕು. ತೂತು ಚಿಕ್ಕದಾದಷ್ಟೂ ಹತ್ತಿರದವರೂ ದೂರದವರೂ ಸ್ಪಷ್ಟ. ಎಸಳು ತೆರೆದೇ ಇದ್ದರೆ ಒಬ್ಬನ ಮುಖ ಸ್ಪಷ್ಟ, ಹಿಂದಿನವರೆಲ್ಲ ಹೊಗೆ. ಮಧ್ಯಾಹ್ನದ ಬಿಸಿಲು ಬಾಗಿಲವರೆಗೂ ಬಂದಿತ್ತು. ಒತ್ತಿದೆ. ರೆಪ್ಪೆ ಹೊಡೆದಂತೆ ಮುಚ್ಚಿಕೊಂಡವು.

ಲೆನ್ಸಿನ ಬಳೆಯ ಗೀರುಗಳಲ್ಲಿ ಕೆಂಪಗೆ ಏನೋ ಕೂತಿತ್ತು.

"ಇದೆಂತ, ಕುಂಕುಮ?"

"ಆಯುಧಪೂಜೆದ್," ಎಂದರು. "ನಮ್ಮನಿಯವ್ರ್ ವರ್ಷವೂ ತಪ್ಪದೆ ಪೂಜಿ ಮಾಡಿದ್ರ್. ಅನ್ನ ಹಾಕದ್ದ್ ಇದೇ ಅಲ್ದಾ?"

ಬೆಲೆ ಇಳಿಸಲು ಅದನ್ನು ಬಳಸಬಹುದಿತ್ತು. ಬಳಸಲಿಲ್ಲ, ಪೂಜೆ ಕಂಡ ಹತಾರ ಜೋಪಾನವಾಗಿ ಇಟ್ಟ ಹತಾರ ಎಂಬುದು ನನ್ನ ಲೆಕ್ಕ. ಬೆಳಕು ಅಳೆಯುವ ಮುಳ್ಳು ಸತ್ತಿತ್ತು, ಅದನ್ನು ಹಿಡಿದು ಚೌಕಾಸಿ ಮಾಡಿದೆ. ಅವರು ಇಳಿದರು, ನಾನು ಹತ್ತಿದೆ. ಕೊನೆಯಲ್ಲಿ ಅವರು ಹೇಳಿದ್ದು ಬೇರೆಯೇ ಮಾತು.

"ಕಪಾಟಂಗೆ ಇಡುಕೆ ಆರೆ ಕೊಡುದಿಲ್ಲೆ. ಕಪಾಟ್ ಇಲ್ಲೂ ಇತ್ತಲೆ."

ಭಾನುವಾರದ ಕೈರಂಪಣಿಯ ವಿಷಯ ಹೇಳಿದೆ. ಅವರು ಎದ್ದು ಒಳಗೆ ಹೋಗಿ, ಫ್ರಿಜ್ಜಿನಲ್ಲಿ ಮೊಸರಿನ ಹಿಂದೆ ಇಟ್ಟಿದ್ದ ಕಪ್ಪು ಬಿಳುಪಿನ ಫಿಲ್ಮ್ ರೋಲೊಂದನ್ನು ತಂದು ಸುಮ್ಮನೆ ನನ್ನ ಕೈಯಲ್ಲಿಟ್ಟರು. ತೊಳೆದು ಪ್ರಿಂಟು ಹಾಕುವುದೂ ತಾವೇ ಎಂದರು.

ಭಾನುವಾರ ಬೆಳಕು ಹರಿಯುವ ಮೊದಲು ತಲೆಗೆ ಹಚ್ಚಲು ಎಣ್ಣೆ ಬಾಟಲಿ ತೆಗೆದರೆ ಎಣ್ಣೆ ಬೆಳ್ಳಗೆ ಗಟ್ಟಿಯಾಗಿತ್ತು. ಡಿಸೆಂಬರಿನಲ್ಲಿ ಕೆಲವು ಬೆಳಿಗ್ಗೆ ಹಾಗಾಗುತ್ತದೆ. ಒಲೆಯ ಪಕ್ಕ ಇಟ್ಟು ಕರಗಿಸಿ, ಹಚ್ಚಿಕೊಂಡು ಹೊರಟೆ.

ತ್ರಾಸಿಗೆ ಬರುವಷ್ಟರಲ್ಲಿ ಬಲೆ ಬಿಟ್ಟಾಗಿತ್ತು. ಎರಡೂ ಹಗ್ಗಗಳಲ್ಲಿ ಜನ ಸಾಲಾಗಿ ಹಿಂದಕ್ಕೆ ವಾಲಿ ಎಳೆಯುತ್ತಿದ್ದರು. ಅಣ್ಣ ಸೊಂಟದವರೆಗಿನ ನೀರಿನಲ್ಲಿ ನಿಂತು ಎರಡೂ ಕಡೆಗೆ ಕೂಗುತ್ತಿದ್ದ. ನಾನು ವ್ಯಾನಿನ ಪಕ್ಕ ನಿಂತು, ಕಲಿತ ಪಾಠದಂತೆ ಗುಂಡಿ ಒತ್ತಿ ಲೆನ್ಸಿನೊಳಗೆ ನೋಡಿದೆ. ಎಸಳುಗಳು ಒಂದಿಷ್ಟು ಮುಂದೆ ಬಂದು, ಅಲ್ಲೇ ನಿಂತವು. ಮತ್ತೆ ಒತ್ತಿದೆ. ತುಂಬಿದ ಬಸ್ಸಿನ ಬಾಗಿಲಿನಂತೆ ಅರ್ಧಕ್ಕೆ ನಿಂತವು.

ಹೀಗೆಯೇ ತೆಗೆದರೆ ಮುಂದಿನವನೊಬ್ಬನ ಮುಖ, ಉಳಿದವರೆಲ್ಲ ಮಸುಕು. ಅಣ್ಣ ಬೇಡವೆಂದದ್ದೇ ಅದು. ನಾಳೆ ತೆಗೆಯೋಣವೆಂದರೆ ನಾಳೆಗೆ ಬಲೆಯೇ ಇಲ್ಲ. ಮೋಸ ಹೋದೆನೇ ಎಂದುಕೊಂಡು, ಅಭ್ಯಾಸಬಲದಿಂದ ಲೆನ್ಸನ್ನು ಮೂಗಿಗೆ ಹಿಡಿದೆ. ಆಗ ಹೊಳೆಯಿತು. ಅದು ನನ್ನ ತಲೆಯಿಂದ ಬರುತ್ತಿದ್ದ ವಾಸನೆಯೇ. ತೆಂಗಿನೆಣ್ಣೆ.

ಆಯುಧಪೂಜೆಯ ದಿನ ನಮ್ಮ ಕಡೆ ಕಬ್ಬಿಣದ್ದೆಂದು ಕಂಡದ್ದಕ್ಕೆಲ್ಲ ಒರೆಸಿ ಎಣ್ಣೆ ಸವರುತ್ತಾರೆ. ಕತ್ತಿಗೆ, ಮೀನು ಕೊಯ್ಯುವ ಮೆಟ್ಟುಗತ್ತಿಗೆ, ಹೊಲಿಗೆ ಮಿಶನ್ನಿಗೆ. ಯಜಮಾನರ ಹೆಂಡತಿ ಅದೇ ಭಕ್ತಿಯಿಂದ ಕ್ಯಾಮೆರಾಕ್ಕೂ ಸವರಿದ್ದರು. ಕಪಾಟು ಸೇರಿದ ಮೇಲೂ ಪೂಜೆ ನಿಂತಿರಲಿಕ್ಕಿಲ್ಲ. ವರ್ಷ ವರ್ಷ ಬಳೆಯ ಸಂದಿನಿಂದ ಇಳಿದು ಎಣ್ಣೆ ಎಸಳಿನವರೆಗೆ ಹೋಗಿತ್ತು. ಮಧ್ಯಾಹ್ನದ ಸೆಕೆಯಲ್ಲಿ ಅದು ನೀರು. ಈ ಚಳಿಯಲ್ಲಿ ತುಪ್ಪ. ಮೋಸ ಯಾರದ್ದೂ ಅಲ್ಲ. ಇನ್ನು ಯಾರಾದರೂ ನಮ್ಮೂರಲ್ಲಿ ಹಳೆಯ ಕ್ಯಾಮೆರಾ ಕೊಳ್ಳುವುದಾದರೆ ಡಿಸೆಂಬರಿನ ಬೆಳಿಗ್ಗೆ ಹೋಗಿ ಕೊಳ್ಳಿ, ಮಧ್ಯಾಹ್ನ ಬೇಡ.

ರೋಗ ತಿಳಿದ ಮೇಲೆ ಮದ್ದು ಗೊತ್ತೇ ಇತ್ತು. ಕ್ಯಾಮೆರಾವನ್ನು ಸೆರಗಿನೊಳಗೆ ಹೊಟ್ಟೆಗೆ ಒತ್ತಿ ಹಿಡಿದು, ಮೇಲೆ ಶಾಲು ಸುತ್ತಿಕೊಂಡೆ. ದಡಕ್ಕೆ ಹೋಗಿ ಕೂಗಿದೆ.

"ಅಣ್ಣಾ, ಒಂಚೂರ್ ನಿಲ್ಸಿ ಎಳಿನಿ!"

"ನಿಲ್ಸುಕೆ ಇದೆಂತ ನಿನ್ನ್ ವ್ಯಾನಾ? ಹಗ್ಗ ಸಡ್ಲ ಆರೆ ಮೀನೆಲ್ಲ ಅಡಿಯಂಗೆ ಹೋತ್!"

ಅವನು ಹೇಳಿದ್ದು ಸರಿ. ಹಗ್ಗ ನಿಲ್ಲಿಸುವಂತಿಲ್ಲ. ಬಲೆ ಮೊದಲು ಬರುತ್ತದೋ, ಎಣ್ಣೆ ಮೊದಲು ಕರಗುತ್ತದೋ ನೋಡಬೇಕಷ್ಟೆ. ಹಗ್ಗದಲ್ಲಿದ್ದ ಒಬ್ಬಾಕೆ ಎಳೆಯುತ್ತಲೇ ನನ್ನ ಕಡೆ ತಿರುಗಿದಳು.

"ಎಂತ ಅಕ್ಕ, ಹೊಟ್ಟಿ ನೋವಾ?"

"ನಂಗಲ್ಲ ಮಾರಾಯ್ತಿ. ಕ್ಯಾಮೆರಾಕ್ಕೆ ಚಳಿ."

"ಹಂಗಾರೆ ಕಷಾಯ ಕುಡ್ಸಿ!"

ಸಾಲಿನುದ್ದಕ್ಕೂ ನಗು ಹರಿಯಿತು. ಅಣ್ಣ ಬೈದ. ನಗುತ್ತಲೇ ಎಳೆದರು. ಎರಡು ಸಾಲುಗಳು ಹತ್ತಿರವಾಗುತ್ತ ಬಂದವು, ಬಲೆಯ ಬೆಂಡುಗಳು ಅಲೆಯ ಮೇಲೆ ಕಾಣಿಸಿದವು. ಹೆದ್ದಾರಿಯಾಚೆಯ ತೆಂಗಿನ ತಲೆಗಳನ್ನು ದಾಟಿ ಬಿಸಿಲು ಮರಳಿಗಿಳಿಯಿತು. ಶಾಲು ಬಿಚ್ಚಿ ಗುಂಡಿ ಒತ್ತಿದೆ. ಎಸಳುಗಳು ಟಕ್ಕೆಂದು ಮುಚ್ಚಿದವು.

ಸೀರೆ ಎತ್ತಿ ಕಟ್ಟಿ ನೀರಿಗಿಳಿದೆ. ಬಡಗು ದಿಕ್ಕಿನಲ್ಲಿ ನಿಂತು ನೋಡಿದರೆ ಎರಡೂ ಸಾಲಿನ ಮುಖಗಳು, ಮುಂದೆ ಅಣ್ಣ, ಬಲೆಯ ಬಾಯಿ. ಪ್ರತಿ ಸಲ ಒತ್ತಿ, ಹೆಬ್ಬೆರಳಿನಿಂದ ಫಿಲ್ಮ್ ಮುಂದೆ ತಳ್ಳಿ, ಮತ್ತೆ ಕಣ್ಣಿಟ್ಟು ಕಾಯುವುದು. ಹಾಳು ಮಾಡಲು ಇಲ್ಲಿ ಹೆಚ್ಚಿನ ಫಿಲ್ಮ್ ಇಲ್ಲ. ಖರ್ಚು ಮಾಡುವ ಮೊದಲು ಯೋಚಿಸು ಎಂದು ಕೈ ಹಿಡಿದು ನಿಲ್ಲಿಸುವ ಯಂತ್ರ ನನ್ನಂಥವಳಿಗೆ ಹೇಳಿ ಮಾಡಿಸಿದ್ದು. ರೋಲು ಮುಗಿದು ತಲೆ ಎತ್ತುವಾಗ ಮೀನಿನ ಏಲಂ ಮುಗಿದಿತ್ತು. ಆ ದಿನದ ಬಂಗುಡೆ ಇನ್ನೊಬ್ಬಳ ಪಾಲು. ನಾನು ಬದುಕಿನಲ್ಲಿ ಏಲಂ ತಪ್ಪಿಸಿಕೊಂಡದ್ದು ಕಡಿಮೆ, ಆದರೂ ಬೇಸರವಾಗಲಿಲ್ಲ.

ಪ್ರಿಂಟು ತರಲು ಹೋದಾಗ ಯಜಮಾನರಿಗೆ ಎಣ್ಣೆಯ ಕತೆ ಹೇಳಿದೆ. ಅವರು ಮೇಜು ಬಡಿದು ನಕ್ಕರು. ಒಳಗಿನಿಂದ ಅವರ ಹೆಂಡತಿ ಬಂದು ನನ್ನ ಕೈಯಿಂದ ಕ್ಯಾಮೆರಾ ತೆಗೆದುಕೊಂಡು ತಿರುವಿ ನೋಡಿದರು.

"ನೆಗಾಡಿ, ನೆಗಾಡಿ. ಈ ಉಪ್ಪ್ ಗಾಳಿಯಂಗೆ ಇಷ್ಟ್ ವರ್ಷ ಆಯಿತ್. ಒಂದ್ ಸ್ಕ್ರೂಗಾರೂ ತುಕ್ಕ್ ಹಿಡ್ದಿತ್ತಾ ಕಾಣಿ!"

ನೋಡಿದೆ. ಒಂದಕ್ಕೂ ಹಿಡಿದಿರಲಿಲ್ಲ. ಯಜಮಾನರು ನಗು ನಿಲ್ಲಿಸಿದರು.

ಫೋಟೋ ಕಂಡಾಗ ಅಣ್ಣ ಏನು ಹೇಳುತ್ತಾನೋ ಎಂದು ದಾರಿಯುದ್ದಕ್ಕೂ ಯೋಚಿಸಿದ್ದೆ. ಬಲೆ ಹೋದ ಮೇಲೆ ಅವನು ಅಂಗಳದಲ್ಲೇ ಕೂರುತ್ತಿದ್ದ, ಕೂಗಲು ಯಾರೂ ಇಲ್ಲದೆ. ಪ್ರಿಂಟನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. ತನ್ನನ್ನು ಹುಡುಕಿಕೊಳ್ಳಲಿಲ್ಲ. ಬೆರಳು ಒಂದೊಂದೇ ಮುಖ ದಾಟಿ ಹೋಗಿ ಒಂದು ಕಡೆ ನಿಂತಿತು.

"ಎಡದ್ ಹಗ್ಗ ಕಾಣ್. ಸಡ್ಲ. ನಾ ಆಗ್ಲೇ ಕೂಗ್ದೆ ಅಲ್ದಾ?" ಎಂದವನೇ ಬೇಲಿಯಾಚೆಯ ಮನೆಯವನನ್ನು ಕರೆದ. "ಹ್ವಾಯ್, ಬಾ ಇಲ್ಲಿ! ನೀ ಹಗ್ಗ ಎಳ್ದದ್ದಾ, ಹಗ್ಗಕ್ಕೆ ಒರ್ಗಿ ನಿಂತದ್ದಾ?"

ನೆರೆಯವನು ಬಂದು, ಫೋಟೋ ನೋಡಿ, ಕಣ್ಣು ಕಿರಿದು ಮಾಡಿದ.

"ಅದ್ ನಾನಲ್ಲ, ತಂಡೇಲ್ರೆ."

"ನೀನಲ್ದಾ?" ಅಣ್ಣ ಪ್ರಿಂಟನ್ನು ಅವನ ಮೂಗಿನ ಹತ್ತಿರ ಹಿಡಿದ. ಅಣ್ಣನ ದನಿ ಮತ್ತೆ ಕಡಲದಂಡೆಯ ದನಿಯಾಗಿತ್ತು. "ಮೀಸಿ ಕೂದ್ಲ್ ಸುದಾ ಎಣ್ಸುಕೆ ಆತ್, ನೀನಲ್ಲ ಅಂಬ್ಯಾ?"