ಕೊಕ್ಕರೆಯ ಕಾಲಿಗೆ ಬಿಟ್ಟ ಗೂಟ

ಬೆಳಕು ಹರಿಯುತ್ತಿದೆ. ಐಬನ್‌ಟಾಲ್ ಕೋಟೆಯ ಇಗರ್ಜಿಯಲ್ಲಿ ಮುದುಕ ಕಲ್ಲುಕುಟಿಗ ಹಾರ್ಟುಂಗ್ ಮಂಡಿಯೂರಿ ಕೂತಿದ್ದಾನೆ. ಎದುರಿಗೆ ಮೊಳದಗಲದ ಕಲ್ಲು, ಅದರಲ್ಲಿ ದೊರೆಮನೆಯ ಲಾಂಛನ, ಒಂದು ಕೊಕ್ಕರೆ. ಕೆತ್ತಿ ವಾರವಾದರೂ ಗೋಡೆಗೆ ಕೂರಿಸಿಲ್ಲ. ಮಹಡಿಯಲ್ಲಿ ವಿಧವೆ ದೊರೆಸಾನಿ ರಾತ್ರಿಯಿಂದ ಹೆರಿಗೆ ನೋವು ತಿನ್ನುತ್ತಿದ್ದಾಳೆ.

ದೊರೆ ಎಕ್ಬರ್ಟ್ ಸತ್ತು ಐದು ತಿಂಗಳು. ಗಂಡು ಹುಟ್ಟಿದರೆ ಅವನ ಸಮಾಧಿಯ ಮೇಲಿನ ಗೋಡೆಯಲ್ಲಿ ಕೊಕ್ಕರೆ ನೆಟ್ಟಗೆ ನಿಲ್ಲುತ್ತದೆ. ಇಲ್ಲವೆಂದರೆ ಮನೆತನ ಮುಗಿಯಿತು. ವಂಶದ ಕೊನೆಯವನ ಲಾಂಛನವನ್ನು ತಲೆಕೆಳಗು ಮಾಡಿ ಕೂರಿಸುವುದು ಈ ಸೀಮೆಯ ಪದ್ಧತಿ. ಕೋಟೆ ದಾಯಾದಿಗಳಾದ ಹಿರಿಯ ಕವಲಿನವರ ಪಾಲಾಗುತ್ತದೆ; ಅವರ ಆಳುಗಳು ಆಗಲೇ ಬಾಗಿಲಲ್ಲಿ ಬಿಡಾರ ಹೂಡಿದ್ದಾರೆ, ಹದ್ದುಗಳು!

ಈ ಕಿರಿಯ ಕವಲು ಚಿಗುರಿದ್ದು ಹಾರ್ಟುಂಗ್‌ನ ಅಜ್ಜನ ಕಾಲಕ್ಕೆ. ಬಯಲನ್ನೆಲ್ಲ ಅಣ್ಣ ಇಟ್ಟುಕೊಂಡು ತಮ್ಮನಿಗೆ ಈ ಕಲ್ಲುಗುಡ್ಡ ಎಸೆದನಂತೆ. ತಮ್ಮ ಅಲ್ಲೇ ಕೋಟೆ ಕಟ್ಟಿದ, ಕಣಿವೆಯ ದಾರಿಯನ್ನು ಕೈವಶ ಮಾಡಿಕೊಂಡ, ಅಣ್ಣನ ಮಕ್ಕಳ ಹೊಟ್ಟೆ ಉರಿಯುವಂತೆ ಬೆಳೆದ. ಆಮೇಲೆ ಎರಡು ಯುದ್ಧ, ಒಂದು ಮಹಾಮಾರಿ. ಮೂರು ತಲೆಮಾರಿಗೆ ಹದಿನಾಲ್ಕು ಸಮಾಧಿ, ಒಂಬತ್ತು ಮಕ್ಕಳವು. ಎಲ್ಲವನ್ನೂ ಕೆತ್ತಿದ್ದು ಹಾರ್ಟುಂಗ್‌ನ ಮನೆಯವರೇ. ಒಂದರಲ್ಲೂ ಅವರ ಹೆಸರಿಲ್ಲ.

"ದೊಡ್ಡೋರ ಕಲ್ಲಿಗೆ ತಿಂಗ್ಳು ಹಿಡೀತದೆ. ಮಕ್ಳದ್ದು ನಾಕೇ ದಿನ," ಎನ್ನುತ್ತಾನೆ ಹಾರ್ಟುಂಗ್. "ಕೈ ನೋಯಲ್ಲ. ಬ್ಯಾರೆ ಏನೋ ನೋಯ್ತದೆ."

ಹೆಂಡತಿ ಯೂಟಾ ಬಾರ್ಲಿ ಗಂಜಿ ತಂದಿಟ್ಟು ಕಲ್ಲಿನತ್ತ ನೋಡುತ್ತಾಳೆ. ಗೋಡೆಯ ತೂತಿಗೆ ಸಿಕ್ಕಿಸಲು ಕೊಕ್ಕರೆಯ ಕಾಲ ಕೆಳಗೆ ಕಲ್ಲಿನದೇ ಗೂಟ ಬಿಟ್ಟಿದ್ದಾನೆ. ನೆಟ್ಟಗೆ ಮಾತ್ರ ಕೂರುವ ಕಲ್ಲು ಅದು.

"ಕೂಸು ಹುಟ್ಟೋಕ್ ಮುಂಚೆ ಕುಲಾವಿ ಹೊಲ್ದವ್ನೆ ನನ್ ಗಂಡ. ನಲವತ್ತು ವರ್ಷದ ಕಸುಬು, ಇಷ್ಟೂ ಬುದ್ಧಿ ಬ್ಯಾಡ್ವಾ?"

"ಸುಮ್ಕಿರೇ. ಗೂಟ ಬಿಡ್ದಿದ್ರೆ ಅಪಶಕುನ ಆಗೋದು."

ಅಷ್ಟರಲ್ಲಿ ಮೇಲಿನಿಂದ ಕೂಸಿನ ಅಳು ಕೇಳುತ್ತದೆ. ಉಳಿ ಕೆಳಗಿಟ್ಟು ಅವನು ಎದ್ದು ನಿಲ್ಲುತ್ತಾನೆ. ಸೂಲಗಿತ್ತಿ ಗೇಪಾ ಮೆಟ್ಟಿಲಿಳಿದು ಬರುತ್ತಾಳೆ.

"ಹೆಣ್ಣು, ಹಾರ್ಟುಂಗಣ್ಣ."

"ಜೋರಾಗ್ ಅಳ್ತಿತ್ತಲ್ಲವ್ವಾ... ಗಂಡು ಅಂದ್ಕೊಂಡೆ."

"ಹೆಣ್ಮಕ್ಳಿಗೆ ಗಂಟ್ಲಿಲ್ವಾ?" ಎಂದವಳೇ ತಲೆವಸ್ತ್ರದ ತುದಿ ಬಾಯಿಗೆ ಒತ್ತಿ ಅಳುತ್ತಾಳೆ.

ಹಾರ್ಟುಂಗ್ ಅಳುವುದಿಲ್ಲ. ಕಲ್ಲನ್ನು ಮಗ್ಗುಲಿಗೆ ಮಲಗಿಸಿ ಗೂಟದ ಬುಡಕ್ಕೆ ಉಳಿ ಇಡುತ್ತಾನೆ. ಮೂರನೇ ಪೆಟ್ಟಿಗೆ ಅದು ಮುರಿದು ಬೀಳುತ್ತದೆ. ಈ ಕೆಲಸದ ನಂತರ ಇಲ್ಲಿ ಅವನಿಗೆ ಕೆಲಸವಿಲ್ಲ; ಹಿರಿಯ ಕವಲಿನವರ ಕುಟಿಗರೇ ಬೇರೆ. ಇನ್ನೇನು ಆಸೆಯಿದೆ ಎಂದು ಕೇಳಿದರೆ ಮುರಿದ ಜಾಗದ ಮೇಲೆ ಹೆಬ್ಬೆರಳಾಡಿಸುತ್ತಾನೆ.

"ನೆಟ್ಟಗೆ ನಿಲ್ಸೋಕೆ ಕೆತ್ತಿದ್ದು ಅಂತ ನೋಡ್ದೋರ್ಗೆ ಗೊತ್ತಾಗ್ಬಾರ್ದು. ಅಷ್ಟು ನುಣ್ಣಗೆ ಉಜ್ತೀನಿ."